ಕಿಟೆಲ್ ಬದುಕು ಮತ್ತು ಕನ್ನಡದ ಎರಡು ಹಳೆಯ ಅಕ್ಷರ: ‘ರಿಪ್ಲೇಸ್ ಆಲ್’ ಒತ್ತುವ ಮೊದಲು ಇದನ್ನು ಓದಿ

ಈ ಎರಡು ಅಕ್ಷರಗಳನ್ನು ನೋಡಿ: ಱ ಮತ್ತು ೞ. ನಿಮ್ಮ ಫೋನಿನಲ್ಲಿ ಎರಡೂ ಸರಿಯಾಗಿ ಕಾಣುತ್ತಿವೆಯೇ? ಒಂದರ ಜಾಗದಲ್ಲಿ ಖಾಲಿ ಚೌಕ ಕಂಡರೆ ಗಾಬರಿ ಬೇಡ. ಫೋನ್ ಕೆಟ್ಟಿಲ್ಲ, ಅದರಲ್ಲಿರುವ ಫಾಂಟಿಗೆ ಆ ಅಕ್ಷರ ಗೊತ್ತಿಲ್ಲ ಅಷ್ಟೇ.

ಈ ಅಕ್ಷರಗಳ ಬಗ್ಗೆ ಮತ್ತು ಅವುಗಳ ಲೆಕ್ಕ ಇಟ್ಟ ಫರ್ಡಿನಾಂಡ್ ಕಿಟೆಲ್ ಬಗ್ಗೆ ಗುಂಪುಗಳಲ್ಲಿ ಮೂರು ಮಾತು ಆಗಾಗ ಓಡಾಡುತ್ತವೆ.

ಒಂದು, ಕನ್ನಡಕ್ಕೆ ಮೊದಲ ನಿಘಂಟು ಬರೆದವರು ಕಿಟೆಲ್.

ಎರಡು, ಈ ಎರಡು ಅಕ್ಷರಗಳನ್ನು ಬ್ರಿಟಿಷರು ಬೇಕೆಂದೇ ತೆಗೆದುಹಾಕಿದರು.

ಮೂರು, ಈಗ ಕಂಪ್ಯೂಟರ್ ಇದೆ, ಒಂದು ಬಟನ್ ಒತ್ತಿದರೆ ಹಳೆಯ ಅಕ್ಷರಗಳು ವಾಪಸ್ ಬರುತ್ತವೆ.

ಮೂರೂ ಸರಿಯಲ್ಲ. ಅದರಲ್ಲೂ ಮೂರನೆಯದನ್ನು ನಂಬಿ ನಾವೇ ಕೈ ಸುಟ್ಟುಕೊಂಡಿದ್ದೇವೆ. ಅಲ್ಲಿಂದಲೇ ಶುರು ಮಾಡೋಣ.

ನಾವು ಮಾಡಿದ ತಪ್ಪು

ನಾವು ರಾಯಚೂರು ಹತ್ತಿರದ ಯರಗೇರಾದಲ್ಲಿ ಎಂ.ಎ. ಓದುತ್ತಿದ್ದಾಗ ಗೆಳೆಯರೆಲ್ಲ ಸೇರಿ ಹಳೆಗನ್ನಡದ ಕೆಲವು ಪುಟಗಳನ್ನು ಟೈಪ್ ಮಾಡಿದ್ದೆವು. ನಮ್ಮ ಕಡೆ ಹಳೆಯ ಬರಹಕ್ಕೆ ಕೊರತೆ ಇಲ್ಲ. ದೇವದುರ್ಗ ತಾಲೂಕಿನ ಗಬ್ಬೂರಿಗೆ ಹೋದರೆ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳು ಕಣ್ಣೆದುರಿಗೇ ಇವೆ. ಆ ಕಾಲದ ಕನ್ನಡದಲ್ಲಿ ಱ ಕೂಡ ಬರುತ್ತದೆ, ೞ ಕೂಡ ಬರುತ್ತದೆ.

ಟೈಪ್ ಮಾಡಿದ್ದನ್ನು ಗುಂಪಿಗೆ ಕಳಿಸಿದಾಗ ಹಲವರ ಫೋನಿನಲ್ಲಿ ಬರೀ ಚೌಕಗಳು ಕಂಡವು. ಓದೋಕೆ ಆಗ್ತಿಲ್ಲ ಎಂದು ದೂರು ಬಂತು. ನಾವು ಫೈಲ್ ತೆರೆದು, ಹುಡುಕಿ ಬದಲಿಸುವ ಸೌಲಭ್ಯದಲ್ಲಿ ಱ ಇದ್ದ ಕಡೆಯೆಲ್ಲ ರ, ೞ ಇದ್ದ ಕಡೆಯೆಲ್ಲ ಳ ಎಂದು ಬದಲಿಸಿ, ಅದೇ ಹೆಸರಿನಲ್ಲಿ ಸೇವ್ ಮಾಡಿಬಿಟ್ಟೆವು. ಅರ್ಧ ನಿಮಿಷದ ಕೆಲಸ.

ವಾರದ ನಂತರ ಮೂಲ ಪಾಠ ಬೇಕಾಯಿತು. ಸರಿ, ಉಲ್ಟಾ ಮಾಡೋಣ ಎಂದುಕೊಂಡು ರ ಇದ್ದ ಕಡೆಯೆಲ್ಲ ಱ ಹಾಕಿದೆವು. ಪುಟದ ಮೇಲೆ ನಾವೇ ಬರೆದಿದ್ದ ರಾಯಚೂರು ಎಂಬುದು ‘ಱಾಯಚೂಱು’ ಆಯಿತು. ಮೊದಲಿನಿಂದಲೂ ರ ಆಗಿದ್ದದ್ದು ಯಾವುದು, ಱ ಇದ್ದು ರ ಆಗಿದ್ದು ಯಾವುದು ಎಂಬ ಗುರುತು ಫೈಲಿನಲ್ಲಿ ಎಲ್ಲಿಯೂ ಉಳಿದಿರಲಿಲ್ಲ.

ಹಾಲಿಗೆ ನೀರು ಬೆರೆಸುವುದು ಸುಲಭ, ಬೇರೆ ಮಾಡುವುದು ಕಷ್ಟ. ಆ ದಿನ ನಾವು ಒಬ್ಬ ಹಳೆಯ ಮನುಷ್ಯನ ಪುಸ್ತಕದ ಮೊರೆ ಹೋಗಬೇಕಾಯಿತು. ಅದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು.

ಜರ್ಮನಿಯ ಪಾದ್ರಿಯ ಮಗ

ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್‌ನಲ್ಲಿ, ಈಗಿನ ಜರ್ಮನಿಯ ವಾಯವ್ಯ ಮೂಲೆಯ ಸಮುದ್ರ ತೀರದ ಸೀಮೆಯಲ್ಲಿರುವ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ. ತಂದೆ ಪಾದ್ರಿ. ಹುಡುಗ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬಾಸೆಲ್ ಮಿಷನ್ ಸಂಸ್ಥೆಯಲ್ಲಿ ತರಬೇತಿ ಪಡೆದ. 1853ರಲ್ಲಿ, ಇಪ್ಪತ್ತೊಂದನೇ ವಯಸ್ಸಿನಲ್ಲಿ, ಭಾರತಕ್ಕೆ ಬಂದ.

ಬಾಸೆಲ್ ಮಿಷನ್ ನಮ್ಮವರಿಗೆ ಹೊಸ ಹೆಸರಲ್ಲ. 1834ರಿಂದ ಅದು ಮಂಗಳೂರಿನಲ್ಲಿತ್ತು. ಶಾಲೆ, ಹೆಂಚಿನ ಕಾರ್ಖಾನೆ, ಮುದ್ರಣಾಲಯ ಎಲ್ಲ ನಡೆಸಿತು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಹೊರಬಂದದ್ದು ಇದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರ ಕೈಯಿಂದ.

ಮಿಷನ್ ಕಿಟೆಲ್ ಅವರನ್ನು ಕಳಿಸಿದ್ದು ಕ್ರೈಸ್ತ ಮತ ಪ್ರಚಾರಕ್ಕೆ. ಅವರು ಧಾರವಾಡ, ಹುಬ್ಬಳ್ಳಿ, ಮಡಿಕೇರಿ, ಮಂಗಳೂರುಗಳಲ್ಲಿ ಇದ್ದು ಕೆಲಸ ಮಾಡಿದರು. ಆದರೆ ಜನರ ಜೊತೆ ಮಾತಾಡಬೇಕೆಂದರೆ ಜನರ ಭಾಷೆ ಬರಬೇಕು. ಆ ಭಾಷೆಯ ಆಳಕ್ಕೆ ಇಳಿದವರು ಮತ್ತೆ ಮೇಲೆ ಬರಲೇ ಇಲ್ಲ ಎನ್ನಬಹುದು.

1862ರಲ್ಲಿ ಅವರು ‘ಕಥಾಮಾಲೆ’ ಎಂಬ ಕೃತಿ ಪ್ರಕಟಿಸಿದರು. ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಿದ ಪುಸ್ತಕ ಅದು. ಊರಿಗೆ ಬಂದು ಹತ್ತು ವರ್ಷ ಆಗುವ ಮೊದಲೇ ಪರದೇಶದ ಒಬ್ಬರು ಕನ್ನಡದಲ್ಲಿ ಪದ್ಯ ಕಟ್ಟುವ ಮಟ್ಟಕ್ಕೆ ಬಂದಿದ್ದರು.

ಮನೆಯಲ್ಲಿ ಕಷ್ಟ ಕಡಿಮೆ ಇರಲಿಲ್ಲ. 1860ರಲ್ಲಿ ಮದುವೆಯಾದ ಪೌಲೀನೆ 1864ರಲ್ಲೇ ತೀರಿಕೊಂಡರು. ಮುಂದೆ ಪೌಲೀನೆಯ ಸಹೋದರಿ ಜೂಲಿ ಅವರನ್ನು ಕಿಟೆಲ್ ಮದುವೆಯಾದರು. ಇತ್ತ ಮಿಷನ್ನಿನ ಒಳಗೂ ಅಸಮಾಧಾನ ಇತ್ತು. ಮತ ಪ್ರಚಾರಕ್ಕೆ ಬಂದವರು ಓಲೆಗರಿ, ವ್ಯಾಕರಣ ಎಂದು ಕೂತರೆ ಹೇಗೆ ಎಂಬುದು ಅವರ ತಕರಾರು. ಕಿಟೆಲ್ ಕೆಲಸ ಬಿಡಲಿಲ್ಲ.

ಮೊದಲ ನಿಘಂಟು ಇವರದೇ?

ಅಲ್ಲ. ಇಲ್ಲಿ ಮೊದಲ ಫಾರ್ವರ್ಡ್ ಸರಿ ಮಾಡಿಕೊಳ್ಳೋಣ.

ಕನ್ನಡದಲ್ಲಿ ಪದಗಳ ಅರ್ಥ ಹೇಳುವ ಪುಸ್ತಕಗಳು ಸಾವಿರ ವರ್ಷದ ಹಿಂದೆಯೇ ಇದ್ದವು. ಹತ್ತನೇ ಶತಮಾನದ ಕವಿ ರನ್ನನ ಹೆಸರಿನಲ್ಲಿ ರನ್ನಕಂದ ಇದೆ. ನಾಗವರ್ಮನ ಅಭಿಧಾನ ವಸ್ತುಕೋಶ ಇದೆ. ಇವು ಪದ್ಯ ರೂಪದ ನಿಘಂಟುಗಳು, ಬಾಯಿಪಾಠ ಮಾಡಲು ಅನುಕೂಲ.

ಅಕಾರಾದಿಯಲ್ಲಿ ಪದ ಜೋಡಿಸಿ ಇಂಗ್ಲಿಷ್ ಅರ್ಥ ಕೊಡುವ ನಿಘಂಟೂ ಕಿಟೆಲ್‌ಗೆ ಮೊದಲೇ ಬಂದಿತ್ತು. ನಮ್ಮ ಪಕ್ಕದ ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ವಿಲಿಯಂ ರೀವ್ ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ, ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಬಂದವು. 1832 ಎಂದರೆ ಕಿಟೆಲ್ ಹುಟ್ಟಿದ ವರ್ಷ!

ಹಾಗಾದರೆ ಕಿಟೆಲ್ ಹೆಚ್ಚುಗಾರಿಕೆ ಏನು? ಅವರು ಪದ ಮತ್ತು ಅರ್ಥ ಕೊಟ್ಟು ಸುಮ್ಮನಾಗಲಿಲ್ಲ. ಆ ಪದ ಹಳೆಯ ಕಾವ್ಯದಲ್ಲಿ ಎಲ್ಲಿ ಬಂದಿದೆ, ಯಾವ ಗಾದೆಯಲ್ಲಿದೆ, ಸಂಸ್ಕೃತದಿಂದ ಬಂದದ್ದೋ ಇಲ್ಲಿಯದೋ, ತಮಿಳು, ತೆಲುಗು, ಮಲಯಾಳ, ತುಳುವಿನಲ್ಲಿ ಅದರ ಅಣ್ಣತಮ್ಮಂದಿರು ಯಾರು ಎಂದೆಲ್ಲ ಬರೆದರು. ಸುಮಾರು 70,000 ಪದಗಳಿಗೆ ಹೀಗೆ ಬರೆದರು. ಎರಡು ದಶಕದಷ್ಟು ಕಾಲ ಹಿಡಿಯಿತು. ಕನ್ನಡದ ಪಂಡಿತರೂ ಮುನ್ಷಿಗಳೂ ಜೊತೆಗಿದ್ದರು. ಒಬ್ಬರೇ ಎಲ್ಲ ಮಾಡಿದರು ಎನ್ನುವುದೂ ಸರಿಯಲ್ಲ.

ಎರಡು ಅಕ್ಷರ ಯಾರು ತೆಗೆದರು?

ಯಾರೂ ತೆಗೆಯಲಿಲ್ಲ. ನಮ್ಮ ಪೂರ್ವಿಕರ ನಾಲಿಗೆಯೇ ಬಿಟ್ಟಿತು.

ಹಳೆಗನ್ನಡದಲ್ಲಿ ಎರಡು ಬಗೆಯ ರಕಾರ ಇತ್ತು: ರ ಮತ್ತು ಱ. ರಾಯಚೂರು ಸೀಮೆಯ ಓದುಗರಿಗೆ ಇದನ್ನು ಹೇಳುವುದು ಸುಲಭ, ತೆಲುಗು ಗೊತ್ತಿರುವ ಮನೆಗಳಲ್ಲಿ ‘ಬಂಡಿ ರ’ ಎಂದರೆ ಥಟ್ಟನೆ ಗೊತ್ತಾಗುತ್ತದೆ. ಅದೇ ಈ ಱ. ಇನ್ನೊಂದು ಅಕ್ಷರ ೞ. ತಮಿಳರು ತಮ್ಮ ಭಾಷೆಯ ಹೆಸರು ಹೇಳುವಾಗ ಕೊನೆಗೆ ನಾಲಿಗೆ ಮಡಚಿ ಒಂದು ಸದ್ದು ಮಾಡುತ್ತಾರಲ್ಲ, ಅದು ಇದು.

ಮಾತಿನಲ್ಲಿ ೞ ಎಂಬುದು ಳ ಜೊತೆ, ಱ ಎಂಬುದು ರ ಜೊತೆ ಮೆಲ್ಲಮೆಲ್ಲಗೆ ಬೆರೆತುಹೋದವು. ಸುಮಾರು 1260ರ ಹೊತ್ತಿಗೆ ಶಬ್ದಮಣಿದರ್ಪಣ ಎಂಬ ವ್ಯಾಕರಣ ಬರೆದ ಕೇಶಿರಾಜ ೞ ಬರುವ ಪದಗಳ ಪಟ್ಟಿಯನ್ನೇ ಕೊಟ್ಟ. ಎಲ್ಲರ ಮಾತಿನಲ್ಲಿ ಸ್ಪಷ್ಟವಾಗಿ ಕೇಳುವ ಸದ್ದಿಗೆ ಯಾರೂ ಪಟ್ಟಿ ಕೊಡುವುದಿಲ್ಲ. ಜನ ತಪ್ಪುತ್ತಿದ್ದರು, ಅದಕ್ಕೇ ಪಟ್ಟಿ. ಬ್ರಿಟಿಷರು ಬರುವುದಕ್ಕೆ ಆಗಿನ್ನೂ ಶತಮಾನಗಳು ಬಾಕಿ ಇದ್ದವು. ಱ ಬರವಣಿಗೆಯಲ್ಲಿ ಇನ್ನೂ ಬಹಳ ಕಾಲ ಉಳಿಯಿತು, ಆಮೇಲೆ ಅದೂ ಹೋಯಿತು.

ಹೋದರೆ ಏನಂತೆ ಎನ್ನಬೇಡಿ. ನೀವು ದಿನಾ ಎಣಿಸುವಾಗ ಹೇಳುವ ಮೂರು ಹಿಂದೆ ‘ಮೂಱು’, ಆರು ‘ಆಱು’, ಏಳು ‘ಏೞು’, ನೂರು ‘ನೂಱು’. ಮಳೆ ‘ಮೞೆ’, ಕೋಳಿ ‘ಕೋೞಿ’, ಕೆರೆ ‘ಕೆಱೆ’. ಇವುಗಳಲ್ಲಿ ಗೊಂದಲ ಇಲ್ಲ. ಗೊಂದಲ ಬರುವುದು ಇಂಥ ಜೋಡಿಗಳಲ್ಲಿ:

ಬಾಳ್ ಎಂದರೆ ಕತ್ತಿ. ಬಾೞ್ ಎಂದರೆ ಬದುಕು.

ಅರಿ ಎಂದರೆ ಕತ್ತರಿಸು. ಅಱಿ ಎಂದರೆ ತಿಳಿ.

ಬೇರ್ ಎಂದರೆ ಗಿಡದ ಬೇರು. ಬೇಱ್ ಎಂದರೆ ಬೇರೆ.

ಕರೆ ಎಂದರೆ ಕೂಗಿ ಕರೆ. ಕಱೆ ಎಂದರೆ ಹಾಲು ಕರೆ.

ಕೊನೆಯದನ್ನು ಇನ್ನೊಮ್ಮೆ ನೋಡಿ. ಹಸುವನ್ನು ಕರೆ ಎಂದರೆ ಹತ್ತಿರ ಕರೆಯಬೇಕೋ, ತಂಬಿಗೆ ಹಿಡಿದು ಕೂರಬೇಕೋ? ನಮ್ಮ ಕಡೆ ಹಾಲು ಹಿಂಡುವುದು ಎನ್ನುತ್ತೇವೆ, ಹಾಗಾಗಿ ಬಚಾವ್. ಹಳೆಯ ಬರಹದಲ್ಲಿ ಒಂದೇ ಅಕ್ಷರ ಇದನ್ನು ನಿರ್ಧರಿಸುತ್ತಿತ್ತು. ಕತ್ತಿಗೂ ಬದುಕಿಗೂ ನಡುವೆ ಇದ್ದದ್ದು ಒಂದು ಅಕ್ಷರದ ಅಂತರ.

ಕೈಯಲ್ಲೇ ಮಾಡಿದ ಹುಡುಕಾಟ

ಕಿಟೆಲ್ ಕಾಲಕ್ಕೆ ಧಾರವಾಡದಲ್ಲಾಗಲಿ ಮಂಗಳೂರಿನಲ್ಲಾಗಲಿ ಯಾರ ಮಾತಿನಲ್ಲೂ ೞ ಇರಲಿಲ್ಲ. ಕೇಳಿ ಬರೆದುಕೊಳ್ಳುವಂತಿರಲಿಲ್ಲ. ಓಲೆಗರಿ ಪ್ರತಿ ಮಾಡಿದವರಲ್ಲೂ ಎಷ್ಟೋ ಮಂದಿಗೆ ವ್ಯತ್ಯಾಸ ಗೊತ್ತಿರಲಿಲ್ಲ, ಒಂದು ಪ್ರತಿಯಲ್ಲಿ ೞ ಇದ್ದರೆ ಇನ್ನೊಂದರಲ್ಲಿ ಳ. ಹಾಗಾದರೆ ಯಾವ ಪದದಲ್ಲಿ ಯಾವ ಅಕ್ಷರ ಎಂದು ಪತ್ತೆ ಮಾಡಲು ಏನು ಆಧಾರ ಇತ್ತು? ಮುಖ್ಯವಾಗಿ ಮೂರು.

ಮೊದಲನೆಯದು ಕೇಶಿರಾಜನ ಪಟ್ಟಿ. ಕಿಟೆಲ್ ಶಬ್ದಮಣಿದರ್ಪಣವನ್ನು ಹಸ್ತಪ್ರತಿಗಳಿಂದ ಸಂಪಾದಿಸಿ 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು.

ಎರಡನೆಯದು ಪದ್ಯದ ಪ್ರಾಸ. ಹಳೆಯ ಕನ್ನಡ ಪದ್ಯಗಳಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಒಂದು ಸಾಲಿನಲ್ಲಿ ಆ ಜಾಗದಲ್ಲಿ ಖಚಿತವಾಗಿ ೞ ಇದ್ದರೆ, ಉಳಿದ ಸಾಲುಗಳಲ್ಲೂ ೞ ಇರಬೇಕು ಎಂದು ಹೇಳಬಹುದು. ಛಂದಸ್ಸಿನ ಈ ಲೆಕ್ಕ ಕಿಟೆಲ್‌ಗೆ ಚೆನ್ನಾಗಿ ಗೊತ್ತಿತ್ತು. ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿದವರೂ ಅವರೇ.

ಮೂರನೆಯದು ಪಕ್ಕದ ಮನೆಗಳು. ತಮಿಳು, ಮಲಯಾಳಗಳಲ್ಲಿ ಈ ಸದ್ದುಗಳು ಇನ್ನೂ ಬದುಕಿದ್ದವು. ಕನ್ನಡದ ಮಳೆಗೆ ಅಲ್ಲಿ ಯಾವ ಅಕ್ಷರ ಎಂದು ನೋಡಿದರೆ ಇಲ್ಲಿಯೂ ಹಿಂದೆ ಏನಿತ್ತು ಎಂಬ ಸುಳಿವು ಸಿಗುತ್ತದೆ.

ಹೀಗೆ ತಾಳೆ ನೋಡಿ, ನಿಘಂಟಿನ ಪದಗಳಲ್ಲಿ ಱ ಇರಬೇಕಾದ ಕಡೆ ಱ, ೞ ಇರಬೇಕಾದ ಕಡೆ ೞ ಹಾಕಿದರು. ಅಚ್ಚುಮೊಳೆ ಜೋಡಿಸಿ ಪುಟ ಕಟ್ಟುತ್ತಿದ್ದ ಕಾಲ ಅದು. ಆಡುಮಾತಿನಲ್ಲಿ ಸತ್ತುಹೋದ ಅಕ್ಷರಕ್ಕೂ ಮೊಳೆ ಬೇಕಿತ್ತು, ಕರಡು ತಿದ್ದುವವರ ಕಣ್ಣು ಬೇಕಿತ್ತು.

ಅವರು ಅಂದು ಕೈಯಲ್ಲಿ ಮಾಡಿದ್ದಕ್ಕೆ ಇಂದು ಕಂಪ್ಯೂಟರ್ ಲೋಕದಲ್ಲಿ ಒಂದು ಹೆಸರಿದೆ: ಪ್ಯಾಟರ್ನ್ ಹುಡುಕಾಟ. ಬರೀ ಅಕ್ಷರವನ್ನು ನೋಡದೆ, ಅದರ ಹಿಂದೆ ಏನಿದೆ ಮುಂದೆ ಏನಿದೆ ಎಂದು ನೋಡಿ ತೀರ್ಮಾನಿಸುವುದು.

ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂದರೇನು?

ಸಾಮಾನ್ಯ ಹುಡುಕಾಟದಲ್ಲಿ ನೀವು ಟೈಪ್ ಮಾಡಿದ್ದು ಇದ್ದಹಾಗೇ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ರೆಗ್ಯುಲರ್ ಎಕ್ಸ್‌ಪ್ರೆಷನ್, ಚಿಕ್ಕದಾಗಿ ರೆಜೆಕ್ಸ್, ಎಂದರೆ ಇಂಥ ಆಕಾರದ್ದನ್ನು ಹುಡುಕು ಎಂದು ಯಂತ್ರಕ್ಕೆ ಹೇಳುವ ಸಂಜ್ಞೆಗಳ ಸಾಲು. ಈ ಕಲ್ಪನೆ ಅಮೆರಿಕದ ಗಣಿತಜ್ಞ ಸ್ಟೀಫನ್ ಕ್ಲೀನಿ ಅವರದು, 1956ರಲ್ಲಿ ಪ್ರಕಟವಾಯಿತು. 1968ರ ಹೊತ್ತಿಗೆ ಕೆನ್ ಥಾಂಪ್ಸನ್ ಅದನ್ನು ಬರಹ ತಿದ್ದುವ ಪ್ರೋಗ್ರಾಮಿಗೆ ತಂದರು. ಕಂಪ್ಯೂಟರಿನಲ್ಲಿ ಗೂಗಲ್ ಡಾಕ್ಸ್ ಅಥವಾ ಲಿಬ್ರೆ ಆಫೀಸ್ ಬಳಸುವವರಿಗೆ ಹುಡುಕಿ ಬದಲಿಸುವ ಪೆಟ್ಟಿಗೆಯಲ್ಲೇ ಇದರ ಆಯ್ಕೆ ಸಿಗುತ್ತದೆ.

ಕಿಟೆಲ್ ಹೆಸರನ್ನೇ ತೆಗೆದುಕೊಳ್ಳಿ. ಕೆಲವರು ಕಿಟೆಲ್ ಎಂದು, ಕೆಲವರು ಕಿಟ್ಟೆಲ್ ಎಂದು, ಇನ್ನು ಕೆಲವರು ಕಿಟ್ಟಲ್ ಎಂದು ಬರೆಯುತ್ತಾರೆ. ಮೂರನ್ನೂ ಒಂದೇ ಸಲ ಹುಡುಕಲು ಈ ಸಾಲು ಸಾಕು:

ಕಿ(ಟ್)?ಟೆ?ಲ್

ಪ್ರಶ್ನೆ ಚಿಹ್ನೆ ಇದ್ದರೆ ಅದರ ಹಿಂದಿನದು ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದರ್ಥ. ಕಂಸದೊಳಗಿನ ಟ್ ಇಡಿಯಾಗಿ ಇರಬಹುದು ಅಥವಾ ಇಲ್ಲದಿರಬಹುದು. ಆದರೆ ಎರಡನೇ ಪ್ರಶ್ನೆ ಚಿಹ್ನೆ ‘ಟೆ’ಗೆ ಪೂರ್ತಿ ಅನ್ವಯಿಸುವುದಿಲ್ಲ, ಅದರ ಎತ್ವದ ಚಿಹ್ನೆಗೆ ಮಾತ್ರ.

ಇಲ್ಲೇ ಇರುವುದು ಕನ್ನಡದ ಗುಟ್ಟು. ರಾಯಚೂರು ಎಂಬಲ್ಲಿ ನಮಗೆ ಕಾಣುವುದು ನಾಲ್ಕು ಅಕ್ಷರ. ಯಂತ್ರಕ್ಕೆ ಕಾಣುವುದು ಏಳು: ರ, ದೀರ್ಘದ ಚಿಹ್ನೆ, ಯ, ಚ, ಊತ್ವದ ಚಿಹ್ನೆ, ರ, ಉತ್ವದ ಚಿಹ್ನೆ. ಆದ್ದರಿಂದ ರ ಹುಡುಕು ಎಂದರೆ ರಾ, ರಿ, ರು, ತ್ರ ಎಲ್ಲದರ ಒಳಗಿನ ರ ಕೂಡ ಸಿಗುತ್ತದೆ. ನಮ್ಮ ಫೈಲಿನಲ್ಲಿ ರಾಯಚೂರು ‘ಱಾಯಚೂಱು’ ಆದದ್ದು ಹೀಗೆ.

ಒಂಟಿ ಅಕ್ಷರ ಹುಡುಕುವುದು ಹೇಗೆ?

ಸ್ಕ್ಯಾನ್ ಮಾಡಿದ ಪುಸ್ತಕವನ್ನು ಪಠ್ಯಕ್ಕೆ ಇಳಿಸಿದಾಗ ಪದದಿಂದ ಕಳಚಿಬಿದ್ದ ಒಂಟಿ ಅಕ್ಷರಗಳು ಅಲ್ಲಲ್ಲಿ ಸಿಗುತ್ತವೆ. ನಾವೂ 1894 ಬರೆದು, ಜಾಗ ಬಿಟ್ಟು, ‘ರ’ ಎಂದು ಬರೆದುಬಿಡುತ್ತೇವೆ. ಆ ಒಂಟಿ ರ ಮಾತ್ರ ಬೇಕು, ರಾಯಚೂರಿನ ರ ಬೇಡ ಎಂದರೆ?

ಇಂಗ್ಲಿಷಿಗಾಗಿ ಬರೆದ ಪಾಠಗಳಲ್ಲಿ ‘ಪದದ ಅಂಚು’ ಎಂಬ ಒಂದು ಸಂಜ್ಞೆ ಹೇಳಿಕೊಡುತ್ತಾರೆ. ಕನ್ನಡದಲ್ಲಿ ಅದನ್ನು ಕಣ್ಣು ಮುಚ್ಚಿ ನಂಬಬೇಡಿ. ಹಲವು ಪ್ರೋಗ್ರಾಮುಗಳು ನಮ್ಮ ಸ್ವರ ಚಿಹ್ನೆಗಳನ್ನು, ಅರ್ಧಾಕ್ಷರದ ಚಿಹ್ನೆಯನ್ನು ಅಕ್ಷರ ಎಂದೇ ಎಣಿಸುವುದಿಲ್ಲ. ಅವುಗಳ ಲೆಕ್ಕದಲ್ಲಿ ರಾಯಚೂರಿನ ಮೊದಲ ರ ಮುಗಿಯುತ್ತಿದ್ದಂತೆ ಪದವೂ ಮುಗಿಯಿತು! ಆಗ ಪದದೊಳಗಿನ ರ ಕೂಡ ಒಂಟಿ ಎಂದು ಸಿಕ್ಕಿಬೀಳುತ್ತದೆ.

ಸರಿಯಾದ ದಾರಿ ಎಂದರೆ ಯಂತ್ರಕ್ಕೆ ಬಿಡಿಸಿ ಹೇಳುವುದು: ಈ ರ ಹಿಂದೆಯೂ ಕನ್ನಡದ ಯಾವ ಅಕ್ಷರವಾಗಲಿ ಚಿಹ್ನೆಯಾಗಲಿ ಇರಬಾರದು, ಮುಂದೆಯೂ ಇರಬಾರದು. ಅದನ್ನು ಹೀಗೆ ಬರೆಯಬಹುದು:

(?<![ಀ-೿])ರ(?![ಀ-೿])

ಚೌಕ ಕಂಸದಲ್ಲಿರುವುದು ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ ಮೀಸಲಾದ ಇಡೀ ಸಾಲು, ಮೊದಲಿನಿಂದ ಕೊನೆಯ ಜಾಗದವರೆಗೆ. ಮೊದಲ ಕಂಸ ಹಿಂದೆ ಅದ್ಯಾವುದೂ ಇಲ್ಲ ಎಂದು ನೋಡುತ್ತದೆ, ಕೊನೆಯ ಕಂಸ ಮುಂದೆ ಇಲ್ಲ ಎಂದು ನೋಡುತ್ತದೆ. ಎಲ್ಲ ಆ್ಯಪ್‌ಗಳಲ್ಲೂ ಇದು ನಡೆಯುವುದಿಲ್ಲ. ಮೊದಲು ಎರಡು ಸಾಲಿನ ಮೇಲೆ ಪರೀಕ್ಷೆ ಮಾಡಿ.

ಹಾಗಾದರೆ ಕಳೆದುಹೋದ ಱ ವಾಪಸ್ ತರಲು ಇದು ಸಾಕೇ? ಸಾಲದು. ಉದಾಹರಣೆಗೆ ತಿಳಿ ಎಂಬ ಅರ್ಥದ ಪದ ಹುಡುಕಲು ಹೀಗೆ ಬರೆದೆವು ಎನ್ನಿ:

ಅ[ರಱ]ಿ

ಚೌಕ ಕಂಸದೊಳಗಿನ ಎರಡರಲ್ಲಿ ಯಾವುದಿದ್ದರೂ ಸರಿ ಎಂದರ್ಥ. ಅರಿ, ಅಱಿ ಎರಡೂ ಸಿಗುತ್ತವೆ. ಜೊತೆಗೆ ಅರಿಶಿನವೂ ಸಿಗುತ್ತದೆ. ಅರಿ ಎಂದರೆ ಕತ್ತರಿಸು ಎಂಬುದೂ ಸಿಗುತ್ತದೆ, ವೈರಿ ಎಂಬ ಅರ್ಥದ ಸಂಸ್ಕೃತದ ಅರಿಯೂ ಸಿಗುತ್ತದೆ. ಇದರಲ್ಲಿ ಯಾವುದು ತಿಳಿಯುವ ಅಱಿ ಎಂದು ಹೇಳಲು ವಾಕ್ಯದ ಅರ್ಥ ಬೇಕು. ರೆಜೆಕ್ಸ್ ಆಕಾರ ನೋಡುತ್ತದೆ, ಅರ್ಥ ನೋಡುವುದಿಲ್ಲ.

ಮುಂದಕ್ಕೆ ಹೋಗುವ ದಾರಿಯೂ ನಾವು ಅಂದುಕೊಂಡಷ್ಟು ನೇರವಲ್ಲ. ೞ ಯಾವಾಗಲೂ ಳ ಆಗಿಲ್ಲ. ಇನ್ನೊಂದು ವ್ಯಂಜನದ ಮುಂದೆ ಅರ್ಧಾಕ್ಷರವಾಗಿ ನಿಂತಾಗ ಅದು ರ್ ಆಗಿ, ಆಮೇಲೆ ಪಕ್ಕದ ಅಕ್ಷರದೊಳಗೇ ಸೇರಿಹೋಯಿತು. ಗೞ್ದೆ ಎಂಬುದು ಗರ್ದೆಯಾಗಿ ಗದ್ದೆಯಾಯಿತು. ಪೊೞ್ತು ಎಂಬುದು ಪೊರ್ತು ಆಗಿ ಹೊತ್ತು ಆಯಿತು. ನಮ್ಮ ‘ರಿಪ್ಲೇಸ್ ಆಲ್’ ಮಾತ್ರ ಗದ್ದೆಯನ್ನು ‘ಗಳ್ದೆ’ ಮಾಡಿತ್ತು. ಅಂಥ ಪದ ಕನ್ನಡದಲ್ಲಿ ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ.

ಕಂಪ್ಯೂಟರ್ ಕೂಡ ಹೆಸರು ತಪ್ಪಿತು

ಇನ್ನೊಂದು ಸಂಗತಿ ಕೇಳಿ. ಜಗತ್ತಿನ ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ, ಒಂದೊಂದು ಅಧಿಕೃತ ಹೆಸರು ಕೊಡುವ ವ್ಯವಸ್ಥೆಯೇ ಯೂನಿಕೋಡ್. ಅದರಲ್ಲಿ ೞ ಅಕ್ಷರಕ್ಕೆ ಜಾಗ ಇದೆ. ಆದರೆ ಅದಕ್ಕೆ ಕೊಟ್ಟ ಹೆಸರು ಇಂಗ್ಲಿಷಿನ ಎಫ್-ಎ, ಅಂದರೆ ‘ಫ’! ಇದು ತಪ್ಪು ಎಂದು ಯೂನಿಕೋಡ್ ಒಪ್ಪಿಕೊಂಡಿದೆ. ಆದರೆ ಒಮ್ಮೆ ಕೊಟ್ಟ ಹೆಸರು ಬದಲಿಸುವುದಿಲ್ಲ ಎಂಬುದು ಅದರ ನಿಯಮ, ಜಗತ್ತಿನ ಪ್ರೋಗ್ರಾಮುಗಳು ಆ ಹೆಸರನ್ನು ನೆಚ್ಚಿಕೊಂಡಿರುತ್ತವೆ. ಹಾಗಾಗಿ ಹಳೆಯ ಹೆಸರು ಉಳಿಸಿ, ಪಕ್ಕದಲ್ಲಿ ಮೂರು ಎಲ್ ಇರುವ ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಸೇರಿಸಿದ್ದಾರೆ.

ಇದು ಬರೀ ತಮಾಷೆಯ ವಿಷಯವಲ್ಲ. ಱ ಕುಳಿತಿರುವುದು ರ ಮತ್ತು ಲ ನಡುವೆ, ಉಳಿದ ವ್ಯಂಜನಗಳ ಜೊತೆಯಲ್ಲೇ. ೞ ಮಾತ್ರ ಹ ಆದಮೇಲೆ, ಸ್ವರ ಚಿಹ್ನೆಗಳೂ ಮುಗಿದ ಮೇಲೆ, ದೂರದಲ್ಲಿ ಒಂಟಿಯಾಗಿ ಕೂತಿದೆ. ಎಲ್ಲ ವ್ಯಂಜನಗಳನ್ನು ಹುಡುಕು ಎನ್ನಲು ನಾವು ಸಾಮಾನ್ಯವಾಗಿ ಹೀಗೆ ಬರೆಯುತ್ತೇವೆ:

[ಕ-ಹ]

ಇದರಲ್ಲಿ ಱ ಸಿಗುತ್ತದೆ, ೞ ಸಿಗುವುದಿಲ್ಲ. ಅದಕ್ಕೂ ಜಾಗ ಕೊಡಬೇಕೆಂದರೆ ಕೈಯಾರೆ ಸೇರಿಸಬೇಕು:

[ಕ-ಹೞ]

ಕೇಶಿರಾಜ ಬೇರೆ ಪಟ್ಟಿ ಮಾಡಿ ಉಳಿಸಿದ, ಕಿಟೆಲ್ ಪದ ಪದದಲ್ಲೂ ಗುರುತು ಹಾಕಿದ ಅಕ್ಷರ, ನಮ್ಮ ಒಂದು ಸಣ್ಣ ಮರೆವಿನಿಂದ ಹುಡುಕಾಟದ ಹೊರಗೇ ಉಳಿದುಬಿಡುತ್ತದೆ.

ಕೊನೆಯ ವರ್ಷಗಳು

ಕಿಟೆಲ್ 1892ರಲ್ಲಿ ಜರ್ಮನಿಗೆ ಮರಳಿದರು. ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ 1894ರಲ್ಲಿ ಹೊರಬಂತು. ಆಗ ಅವರಿಗೆ 62 ವರ್ಷ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು.

ಅಲ್ಲಿಗೆ ಮುಗಿಯಿತು ಎಂದು ಅವರು ಕೂರಲಿಲ್ಲ. ಹಳೆಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ವಿವರಿಸುವ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಅದು 1903ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಟ್ಯೂಬಿಂಗನ್‌ನಲ್ಲಿ ಕಿಟೆಲ್ ತೀರಿಕೊಂಡರು.

ಅವರ ನಿಘಂಟು ಮಾತ್ರ ಬೆಳೆಯುತ್ತಲೇ ಹೋಯಿತು. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ, ಹಿಗ್ಗಿಸಿ, ನಾಲ್ಕು ಸಂಪುಟಗಳಾಗಿ ಮಾಡಿದರು. ಮದ್ರಾಸ್ ವಿಶ್ವವಿದ್ಯಾಲಯ ಅದನ್ನು 1968ರಿಂದ 1971ರವರೆಗೆ ಪ್ರಕಟಿಸಿತು. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ಕನ್ನಡ-ಕನ್ನಡ ನಿಘಂಟು ತಂದಿತು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಕಿಟೆಲ್ ಪ್ರತಿಮೆ ಇದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. 1894ರ ನಿಘಂಟಿನ ಸ್ಕ್ಯಾನ್ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಫೋನಿನಲ್ಲೇ ತೆರೆದು ನೋಡಬಹುದು.

ನಮ್ಮ ಹಾಳಾದ ಫೈಲನ್ನು ನಾವು ಸರಿ ಮಾಡಿದ್ದೂ ಅದರಿಂದಲೇ. ಅನುಮಾನ ಬಂದ ಪದಗಳನ್ನು ರೆಜೆಕ್ಸ್‌ನಿಂದ ಹುಡುಕಿ ಪಟ್ಟಿ ಮಾಡಿಕೊಂಡೆವು. ಬದಲಿಸುವ ಕೆಲಸವನ್ನು ಯಂತ್ರಕ್ಕೆ ಬಿಡಲಿಲ್ಲ. ಒಂದೊಂದು ಪದಕ್ಕೂ ಕಿಟೆಲ್ ನಿಘಂಟು ತೆರೆದು, ವಾಕ್ಯದ ಅರ್ಥ ನೋಡಿ, ಱ ಅಥವಾ ೞ ಹಾಕಿದೆವು. ಅರ್ಧ ನಿಮಿಷದಲ್ಲಿ ಕೆಡಿಸಿದ್ದನ್ನು ಸರಿ ಮಾಡಲು ಹಲವು ದಿನ ಬೇಕಾಯಿತು. ಕಿಟೆಲ್ ಆ ಲೆಕ್ಕ ಇಡದೇ ಹೋಗಿದ್ದರೆ ಎಷ್ಟು ದಿನ ಕೂತರೂ ನಮ್ಮಿಂದ ಆಗುತ್ತಿರಲಿಲ್ಲ.

ನಮಗೇನು ಇದರಿಂದ?

ನಾನು ಹಳೆಗನ್ನಡ ಟೈಪ್ ಮಾಡುವುದಿಲ್ಲ, ನನಗೇಕೆ ಎನ್ನಬೇಡಿ. ಸ್ವಸಹಾಯ ಸಂಘದ ಸದಸ್ಯರ ಪಟ್ಟಿ, ಶಾಲೆಯ ಹಾಜರಿ, ಊರಿನ ಫಲಾನುಭವಿಗಳ ಪಟ್ಟಿ ಈಗ ಎಲ್ಲವೂ ಕಂಪ್ಯೂಟರಿನಲ್ಲಿ. ನಮ್ಮ ಯರಗೇರಾವನ್ನೇ ಜನ ಯರಗೇರಾ, ಯರಗೇರ, ಯರಗೇರೆ ಎಂದೆಲ್ಲ ಬರೆಯುತ್ತಾರೆ. ಒಂದೇ ರೂಪಕ್ಕೆ ತರೋಣ ಎಂದು ಯಾರೋ ‘ರಿಪ್ಲೇಸ್ ಆಲ್’ ಒತ್ತಿದರೆ ಊರಿನ ಹೆಸರಿನ ಜೊತೆಗೆ ಯಾರದೋ ಮನೆತನದ ಹೆಸರೂ ಬದಲಾಗಬಹುದು. ಪಟ್ಟಿಯಲ್ಲಿ ಒಂದು ಅಕ್ಷರ ತಪ್ಪಿದರೆ ಕಚೇರಿಗೆ ಅಲೆಯುವವರು ಯಾರು ಎಂದು ನಿಮಗೆ ಗೊತ್ತೇ ಇದೆ.

ಆದ್ದರಿಂದ ನಾಲ್ಕು ಮಾತು ನೆನಪಿಡಿ.

1. ಬದಲಿಸುವ ಮೊದಲು ಫೈಲಿನ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿ.

2. ಮೊದಲು ಹುಡುಕಿ ಮಾತ್ರ ನೋಡಿ. ಎಷ್ಟು ಕಡೆ ಸಿಕ್ಕಿತು, ಎಲ್ಲೆಲ್ಲಿ ಸಿಕ್ಕಿತು ಎಂದು ಕಣ್ಣಾರೆ ಕಂಡ ಮೇಲೆ ಬದಲಿಸಿ.

3. ಎರಡು ಬೇರೆ ಅಕ್ಷರಗಳನ್ನು ಒಂದು ಮಾಡುವ ಬದಲಾವಣೆಯನ್ನು ಉಲ್ಟಾ ಮಾಡಲು ಬರುವುದಿಲ್ಲ.

4. ಇಂಗ್ಲಿಷಿಗೆ ಬರೆದ ಸೂತ್ರವನ್ನು ಕನ್ನಡಕ್ಕೆ ಹಾಗೆಯೇ ಹಚ್ಚಬೇಡಿ. ಸ್ವರ ಚಿಹ್ನೆ, ಅರ್ಧಾಕ್ಷರ, ಒತ್ತಕ್ಷರ ಇರುವ ಪದಗಳ ಮೇಲೆ ಪರೀಕ್ಷಿಸಿ.

ಇನ್ನು ಆ ಮೂರು ಫಾರ್ವರ್ಡ್‌ಗಳ ಲೆಕ್ಕ. ಮೊದಲ ನಿಘಂಟು ಕಿಟೆಲ್ ಅವರದು ಎಂಬುದು ತಪ್ಪು, ಅವರಿಗಿಂತ ಮೊದಲು ರನ್ನ, ನಾಗವರ್ಮ, ರೀವ್ ಇದ್ದರು. ಬ್ರಿಟಿಷರು ಅಕ್ಷರ ತೆಗೆದರು ಎಂಬುದು ತಪ್ಪು, ಅವರು ಬರುವ ಮೊದಲೇ ಮಾತು ಬದಲಾಗಿತ್ತು. ಬಟನ್ ಒತ್ತಿದರೆ ಹಳೆಯ ಅಕ್ಷರ ವಾಪಸ್ ಬರುತ್ತದೆ ಎಂಬುದೂ ತಪ್ಪು. ಹುಡುಕಿಕೊಡುವ ಕೆಲಸ ಯಂತ್ರದ್ದು, ಯಾವುದು ಸರಿ ಎಂದು ನಿರ್ಧರಿಸುವ ಕೆಲಸ ಇನ್ನೂ ಮನುಷ್ಯರದೇ.

ಇವುಗಳಲ್ಲಿ ಯಾವುದಾದರೂ ನಿಮ್ಮ ಗುಂಪಿಗೆ ಬಂದರೆ ಈ ಲೇಖನ ಕಳಿಸಿ. ಕಳಿಸುವಾಗ ಱ ಮತ್ತು ೞ ಅವರ ಫೋನಿನಲ್ಲಿ ಕಾಣುತ್ತವೆಯೇ ಎಂದೂ ಕೇಳಿ.